ಡಾಕ್ಟ್ರ ಕೈ, ನನ್ನ ಹೊಸ ಐರನ್ನು

ಹೋದ ತಿಂಗಳು ಗೋಡೆಗೆ ಒಂದು ಮೊಳೆ ಹೊಡೆಯಲು ಹೋಗಿ ಪೆಚ್ಚಾದೆ. ನಮ್ಮ ತಣಿಸಂದ್ರದ ಅಪಾರ್ಟ್‌ಮೆಂಟಿನ ಗೋಡೆಗಳಿಗೆ ಮೊಳೆ ಎಂದರೆ ಆಗದು. ಸುತ್ತಿಗೆ ಮೊಳೆಯ ತಲೆ ತಪ್ಪಿ ಕಾಂಕ್ರೀಟಿಗೆ ಬಡಿಯಿತು ನೋಡಿ, ಅಂಗೈಯಿಂದ ಮೊಣಕೈವರೆಗೆ ಝುಮ್ಮೆಂದಿತು. ಸ್ಟೂಲಿನ ಮೇಲೆ ನಿಂತೇ ಬಲಗೈಯನ್ನು ಗಾಳಿಯಲ್ಲಿ ಒದರಿದೆ. ಅಡುಗೆಮನೆಯಿಂದ ನನ್ನ ಹೆಂಡತಿ, "ಡ್ರಿಲ್ಲಿಂಗ್‌ನೋರನ್ನ ಕರ್ಸಿ ಅಂತ ಬಡ್ಕೊಂಡೆ. ಕೇಳಿದ್ರಾ?" ಎಂದಳು. ಯಾವತ್ತಿನ ಹಾಗೆ ಏನಾದರೂ ಎದುರುತ್ತರ ಕೊಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೀಗೆಯೇ ಕೈ ಒದರುತ್ತಿದ್ದ ಇನ್ನೊಬ್ಬರು ಕಣ್ಣ ಮುಂದೆ ಬಂದು ನಿಂತರು. "ಝುಮ್ ಅಂತು ಕಣ್ರೀ," ಎಂದು ಅವರು ನನ್ನ ಮುಖ ನೋಡುತ್ತಿದ್ದದ್ದು, ಅದಕ್ಕೆ ನಾನು ಕೊಟ್ಟ ಉತ್ತರ, ಎರಡೂ ನೆನಪಾದವು. ಇಳಿದು ಸ್ಟೂಲಿನ ಮೇಲೆಯೇ ಕೂತುಬಿಟ್ಟೆ.

ಆ ಉತ್ತರವನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ನಿಮಗೆ ಹೇಳುತ್ತೇನೆ. ಕೇಳಿದ ಮೇಲೆ ನನ್ನ ಬಗ್ಗೆ ಏನು ಬೇಕಾದರೂ ಅಂದುಕೊಳ್ಳಿ, ಆದರೆ ಮಧ್ಯದಲ್ಲಿ ಎದ್ದು ಹೋಗಬೇಡಿ.

ವಿಷಯ ಗಾಲ್ಫಿನದು. ಗಾಲ್ಫ್ ಎಂದ ಕೂಡಲೇ ನನ್ನನ್ನು ಭಾರೀ ಕುಳ ಎಂದು ತಿಳಿಯಬೇಡಿ. ನಾವು ಬ್ಯಾಟರಾಯನಪುರದ ಹಳಬರು. ತಾತ ದ್ರಾಕ್ಷಿ ಬೆಳೆದರು, ಅಪ್ಪ ಹಸು ಸಾಕಿದರು, ನಾನು ಟೈಲ್ಸ್ ಅಂಗಡಿ ಇಟ್ಟೆ. ಸುತ್ತಮುತ್ತಲಿನ ಎಷ್ಟೋ ಬಚ್ಚಲುಮನೆಗಳ ನೆಲ ನನ್ನ ಅಂಗಡಿಯದೇ. ಅಂಥವನನ್ನು ಗಾಲ್ಫಿಗೆ ಎಳೆದವರು ಚಂದ್ರಪ್ಪ ಡಾಕ್ಟ್ರು. ಡಾಕ್ಟ್ರು ಎಂದರೆ ದನದ ಡಾಕ್ಟ್ರು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಹೆಬ್ಬಾಳದಲ್ಲಿ ಮನೆ ಕಟ್ಟಿಸುತ್ತಿದ್ದರು. ಟೈಲ್ಸ್ ನೋಡಲು ಬಂದವರು, ನಾನು ಒಂದು ಪೆಟ್ಟಿಗೆ ಎತ್ತಿ ಆ ಕಡೆಯಿಂದ ಈ ಕಡೆಗೆ ತಿರುಗಿ ಇಟ್ಟದ್ದನ್ನು ಕಂಡು, "ನಿಮ್ ಸೊಂಟ ಚೆನ್ನಾಗಿ ತಿರುಗುತ್ತೆ ಕಣ್ರೀ ಯಜಮಾನ್ರೇ, ನೀವು ಗಾಲ್ಫ್ ಆಡ್ಬೇಕು," ಎಂದರು. ನನ್ನ ಸೊಂಟವನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ. ಮುಂದಿನ ಭಾನುವಾರವೇ ಅವರ ಹಿಂದೆ ಹೋದೆ.

ಯಲಹಂಕದ ಆಚೆ ಒಂಬತ್ತು ಕುಳಿಗಳ ಒಂದು ಚಿಕ್ಕ ಮೈದಾನವಿದೆ. ಅಲ್ಲಿ ಅವರು ನನಗೆ ಅ ಆ ಇ ಈ ಕಲಿಸಿದರು. ಕೋಲನ್ನು ನಾನು ಗುದ್ದಲಿ ಹಿಡಿದಂತೆ ಹಿಡಿದರೆ, "ಅಯ್ಯೋ, ಕತ್ತು ಹಿಸುಕ್ಬೇಡ್ರೀ. ಹಾಲು ಕರೆಯೋವಾಗ ಎಷ್ಟು ಒತ್ತುತೀರಾ? ಅಷ್ಟೇ ಸಾಕು," ಎನ್ನುತ್ತಿದ್ದರು. ಹುಡುಗನಾಗಿದ್ದಾಗ ಹಾಲು ಕರೆದವನಿಗೆ ಅದು ತಟ್ಟನೆ ಅರ್ಥವಾಯಿತು. ಹನ್ನೊಂದು ವರ್ಷ ಪ್ರತಿ ಭಾನುವಾರ ಇಬ್ಬರೂ ಆಡಿದೆವು. ನಮ್ಮದೊಂದು ಪದ್ಧತಿಯಿತ್ತು. ಆಟ ಮುಗಿಸಿ ಹೆಬ್ಬಾಳದ ಒಂದು ದರ್ಶಿನಿಗೆ ಹೋಗುವುದು, ಗೆದ್ದವನು ಮೇಜಿನ ಹತ್ತಿರ ಆರಾಮವಾಗಿ ನಿಲ್ಲುವುದು, ಸೋತವನು ಕ್ಯೂನಲ್ಲಿ ನಿಂತು ಇಬ್ಬರದೂ ಇಡ್ಲಿ ವಡೆ ತರುವುದು. ಹನ್ನೊಂದು ವರ್ಷವೂ ತಟ್ಟೆ ಹಿಡಿದು ಬಂದವನು ನಾನು. ಅಲ್ಲಿನ ಕೌಂಟರಿನವನು ಒಮ್ಮೆ ಡಾಕ್ಟ್ರನ್ನು, "ಇವ್ರು ನಿಮ್ ಡ್ರೈವರ್ರಾ ಸಾರ್?" ಎಂದು ಕೇಳಿದ್ದುಂಟು. ಡಾಕ್ಟ್ರು ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಉರಿಯಿತು, ಸುಳ್ಳೇಕೆ ಹೇಳಲಿ.

ಇನ್ನು ಐರನ್ನಿನ ವಿಚಾರ. ಹುಲ್ಲಿನ ಮೇಲಿನ ಚೆಂಡನ್ನು ಹೊಡೆಯುವ, ಉಕ್ಕಿನ ತಲೆಯ ಕೋಲುಗಳಿಗೆ ಐರನ್ ಎನ್ನುತ್ತಾರೆ. ಡಾಕ್ಟ್ರದು ಹಳೇ ಕಾಲದ ಸೆಟ್ಟು. ಯಾವುದೋ ಊರಿನಲ್ಲಿ ಕೆಲಸದಲ್ಲಿದ್ದಾಗ ಒಬ್ಬ ಮಿಲಿಟರಿ ಸಾಹೇಬರ ನಾಯಿಯ ಕಾಲು ಕತ್ತರಿಸದೆ ಉಳಿಸಿದ್ದರಂತೆ, ಆ ಸಂತೋಷಕ್ಕೆ ಅವರು ಕೊಟ್ಟದ್ದು. ಕಾಸಿ ಬಡಿದು ಮಾಡಿದ, ಚಾಕುವಿನಂಥ ತೆಳ್ಳನೆಯ ತಲೆಗಳು. ಅದರ ನಟ್ಟನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗವಿದೆ. ಅಲ್ಲಿ ತಗುಲಿದರೆ ಚೆಂಡು ಹೋದದ್ದೇ ಕೈಗೆ ಗೊತ್ತಾಗದು. ಒಂದು ಬೆರಳು ಆಚೀಚೆಯಾದರೆ ಚೆಂಡು ದಿಕ್ಕಾಪಾಲು, ಕೈ ಝುಮ್. ನನ್ನ ಮೊದಲ ಸೆಟ್ಟು ಕಲಿಯುವವರದು, ದೋಸೆ ಹಂಚಿನಂತೆ ದಪ್ಪ. ಎಲ್ಲಿ ತಗುಲಿದರೂ ಚೆಂಡು ಒಂದಷ್ಟು ಹೋಗುತ್ತದೆ, ಆದರೆ ನೋಡಿದವರಿಗೆಲ್ಲ ಇವನು ಹೊಸಬ ಎಂದು ತಿಳಿಯುತ್ತದೆ. ಹನ್ನೊಂದು ವರ್ಷದ ಹೊಸಬ!

ಈ ಎರಡರ ಮಧ್ಯದ ಮಾಯೆಯೊಂದು ಗಾಲ್ಫ್ ಸಾಮಾನಿನ ಅಂಗಡಿಗೆ ಬಂದಿದೆ ಎಂದು ಹೋದ ವರ್ಷಕ್ಕೂ ಹಿಂದಿನ ದಸರಾದಲ್ಲಿ ಗೊತ್ತಾಯಿತು. ಫರ್ಗಿವಿಂಗ್ ಫೋರ್ಜ್ಡ್ ಐರನ್ ಅಂತ, ಅಂದರೆ ತಪ್ಪು ಏಟನ್ನೂ ಕ್ಷಮಿಸುವ ಕೋಲು. ಹೊರಗಿನಿಂದ ನೋಡಿದರೆ ಡಾಕ್ಟ್ರ ಕೋಲಿನಂತೆಯೇ ತೆಳ್ಳಗೆ, ಬಡಿದು ಮಾಡಿದ ಹೊಳಪು. ಒಳಗೆ ಮಾತ್ರ ಟೊಳ್ಳು ಮಾಡಿ, ಭಾರವನ್ನೆಲ್ಲ ಅಂಚಿಗೆ ತಳ್ಳಿ, ರಬ್ಬರಿನಂಥ ಏನನ್ನೋ ತುಂಬಿರುತ್ತಾರೆ. ಓರೆಕೋರೆ ಹೊಡೆದರೂ ಚೆಂಡು ಹೆಚ್ಚು ಕಡಿಮೆ ನೆಟ್ಟಗೆ, ಇನ್ನೂ ಹತ್ತು ಗಜ ದೂರಕ್ಕೇ ಹೋಗುತ್ತದೆ. ಕೈಗೆ ಏಟೇ ಇಲ್ಲ. ಅಂಗಡಿಯವನು ಇದನ್ನೆಲ್ಲ ವಿವರಿಸಿದಾಗ ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಕೊನೆಗೆ ಅವನು ದನಿ ತಗ್ಗಿಸಿ, "ನೋಡೋರಿಗೆ ಗೊತ್ತೇ ಆಗಲ್ಲ ಸಾರ್," ಎಂದ. ಆ ಒಂದು ಮಾತಿಗೆ ನಾನು ಬಿದ್ದೆ.

ಮುಂದಿನ ಭಾನುವಾರ ಗೆದ್ದೆ. ಅದರ ಮುಂದಿನದ್ದೂ ಗೆದ್ದೆ. ಮೊದಲ ಸಲ ಡಾಕ್ಟ್ರು ಎರಡು ತಟ್ಟೆ ಹಿಡಿದು, ಸಾಂಬಾರು ಚೆಲ್ಲದಂತೆ ಜೋಪಾನವಾಗಿ ನನ್ನ ಕಡೆಗೆ ನಡೆದು ಬಂದಾಗ ಆದ ಖುಷಿ ಇದೆಯಲ್ಲ, ಮಗಳ ಮದುವೆಯಲ್ಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. "ಭೇಷ್ ಯಜಮಾನ್ರೇ! ಗುರುವಿಗೇ ತಟ್ಟೆ ಹಿಡಿಸಿಬಿಟ್ರಲ್ಲ!" ಎಂದು ಅವರೇ ಬೆನ್ನು ತಟ್ಟಿದರು. ಅವರ ಸಂತೋಷದಲ್ಲಿ ಒಂದಿಷ್ಟೂ ಕಲಬೆರಕೆ ಇರಲಿಲ್ಲ.

ಆದರೆ ಅವರೂ ಆಟಗಾರರೇ ತಾನೆ. ನನ್ನ ಚೆಂಡು ಬಿದ್ದಷ್ಟು ದೂರಕ್ಕೆ ತಮ್ಮದನ್ನೂ ಕಳಿಸಬೇಕೆಂದು ಜೋರು ಮಾಡತೊಡಗಿದರು. ಅಂಥ ಕೋಲಿನಲ್ಲಿ ಜೋರು ಮಾಡಿದರೆ ಕೆಟ್ಟಿತು. ನಡುವಿನ ಆ ನಾಣ್ಯದ ಜಾಗ ಇನ್ನಷ್ಟು ತಪ್ಪುತ್ತಿತ್ತು. ಚಳಿಗಾಲ ಬೇರೆ. ಹೊಡೆದಾಗೆಲ್ಲ ಬಲಗೈ ಒದರಿ, "ಝುಮ್ ಅಂತು ಕಣ್ರೀ," ಎನ್ನುತ್ತಿದ್ದರು. ಅವರ ಕೈಗೆ ಏನೂ ಆಗಿಲ್ಲ, ನನ್ನ ಕೋಲಿನ ದೂರವನ್ನು ತಮ್ಮ ಕೋಲಿನಲ್ಲಿ ಹುಡುಕುತ್ತಿದ್ದಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಮುಂದಿನ ವಾರ ಹೇಳೋಣ, ಇನ್ನೊಂದು ಸಲ ಗೆದ್ದು ಹೇಳೋಣ ಎಂದು ಡಿಸೆಂಬರ್ ಪೂರ್ತಿ ತಳ್ಳಿದೆ.

ಸಂಕ್ರಾಂತಿಯ ಹಿಂದಿನ ಭಾನುವಾರ ಡಾಕ್ಟ್ರು ನನ್ನ ಬ್ಯಾಗಿನಿಂದ ಏಳನೇ ನಂಬರಿನ ಐರನ್ ಎಳೆದು, ಕನ್ನಡಕ ಹಣೆಗೆ ಏರಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದೂ ನನ್ನ ಥರದ್ದೇನಾ?"

"ಹೂಂ ಸಾರ್, ಥೇಟ್ ನಿಮ್ದರ ಥರಾನೇ. ಹೊಸದು ಅಷ್ಟೆ."

"ನಿಮ್ ಕೈಗೆ ಏಟಾಗಲ್ವಾ?"

"ಇಲ್ಲ ಸಾರ್. ಪ್ರಾಕ್ಟೀಸ್ ಮಾಡ್ತೀನಲ್ಲ."

ಯಾವ ಪ್ರಾಕ್ಟೀಸು! ಶನಿವಾರ ಸಂಜೆ ಸೋಫಾ ಬಿಟ್ಟು ಏಳುತ್ತಿರಲಿಲ್ಲ ನಾನು. ಅವರು ಕೋಲನ್ನು ಎರಡು ಸಲ ಗಾಳಿಯಲ್ಲಿ ಬೀಸಿ, "ಒಂದು ಹೊಡೀಲಾ?" ಎಂದರು. ಹೊಡೆದಿದ್ದರೆ ಒಂದೇ ಏಟಿಗೆ ಅವರಿಗೆ ಎಲ್ಲಾ ಗೊತ್ತಾಗುತ್ತಿತ್ತು.  "ಬೇಡ ಸಾರ್, ಇದರ ಶಾಫ್ಟ್ ತುಂಬಾ ಗಟ್ಟಿ," ಎಂದು ದಂಡದ ನೆವ ಹೇಳಿ ಕೋಲನ್ನು ಮೆಲ್ಲಗೆ ಅವರ ಕೈಯಿಂದ ಬಿಡಿಸಿಕೊಂಡೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬಹಳ ಕಾಳಜಿಯ ದನಿಯಲ್ಲಿ ಮುಂದುವರಿಸಿದೆ: "ತೊಂದ್ರೆ ಕೋಲಿಂದಲ್ಲ ಸಾರ್, ಕೈಯಿಂದು. ಬೇಜಾರ್ ಮಾಡ್ಕೋಬೇಡಿ, ಎಪ್ಪತ್ತೆರಡಾಯ್ತಲ್ಲ. ಕೈಗೂ ಒಂದು ವಯಸ್ಸು ಅಂತ ಇರುತ್ತೆ."

ಅವರು ತಮ್ಮ ಬಲಗೈಯನ್ನು ಒಮ್ಮೆ ಬಿಚ್ಚಿ ಮುಚ್ಚಿ ನೋಡಿಕೊಂಡರು. "ಹೌದೇನೋಪ್ಪ," ಎಂದರು. ಅವತ್ತೂ ತಟ್ಟೆ ತಂದವರು ಅವರೇ. ನಾನು ವಡೆ ತಿಂದೆ. ಸಂಕ್ರಾಂತಿ ಕಳೆದ ಮೇಲೆ ಅವರು ಮೈದಾನಕ್ಕೆ ಬರಲಿಲ್ಲ. ಫೋನ್ ಮಾಡಿದರೆ, "ಸಾಕು ಕಣ್ರೀ, ನೀವು ಆಡಿ," ಎಂದರು.

ಆಮೇಲೆ ಏನಾಯಿತು ಕೇಳಿ. ಬೇರೆಯವರ ಜೊತೆ ಆಡಿದೆ, ಗೆದ್ದೆ, ಸೋತೆ. ಯಾವುದಕ್ಕೂ ರುಚಿಯಿಲ್ಲ. ನನ್ನನ್ನು ಹನ್ನೊಂದು ವರ್ಷ ಸೋಲಿಸಿದವರೇ ಇಲ್ಲದ ಮೇಲೆ ಗೆದ್ದು ಯಾರಿಗೆ ತೋರಿಸಲಿ? ಡಾಕ್ಟ್ರ ಮನೆಗೆ ಹೋಗಿ ಬರೋಣ ಎಂದುಕೊಂಡಾಗೆಲ್ಲ ಹೆಬ್ಬಾಳದ ಫ್ಲೈಓವರ್ ನೆನಪಾಗುತ್ತಿತ್ತು. ಪಾಪ, ಊರಿನವರೆಲ್ಲ ಬೈಯುವ ಆ ಟ್ರಾಫಿಕ್ಕು ನನಗೆ ಮಾತ್ರ ದೊಡ್ಡ ಉಪಕಾರ ಮಾಡಿತು. ಒಂದು ವರ್ಷದ ಮೇಲೆ ಹೀಗೇ ಕಳೆಯಿತು.

ಮೊಳೆಯ ಏಟು ಬಿದ್ದ ಮರುದಿನ ಬೆಳಿಗ್ಗೆ ಗಾಡಿ ತೆಗೆದೆ. ಹೇಳಿಬಿಡಬೇಕು, ಕ್ಷಮೆ ಕೇಳಬೇಕು, ನನ್ನ ಐರನ್ ಸೆಟ್ಟನ್ನೇ ಅವರಿಗೆ ಕೊಡಬೇಕು, ಭಾನುವಾರ ಮತ್ತೆ ಕರೆದೊಯ್ಯಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಡಾಕ್ಟ್ರು ಬಾಗಿಲಲ್ಲೇ ಕೈ ಹಿಡಿದುಕೊಂಡರು. "ಬನ್ನಿ ಬನ್ನಿ ಯಜಮಾನ್ರೇ! ಏನ್ ಸಮಾಚಾರ? ಮರೆತೇಬಿಟ್ರಿ ಅಂದ್ಕೊಂಡಿದ್ದೆ." ಹಿಡಿದದ್ದು ಎಡಗೈಯಿಂದ. ಬಲ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿದ್ದರು. ಕಾಫಿ ಬಂದಾಗಲೂ ಲೋಟ ಎತ್ತಿದ್ದು ಎಡಗೈಯಿಂದಲೇ. ಬಲಗೈ ತೊಡೆಯ ಮೇಲೆ ಸುಮ್ಮನೆ ಇತ್ತು.

"ಕೈಗೇನಾಯ್ತು ಸಾರ್?"

"ಏನೂ ಆಗಿಲ್ಲ. ರೆಸ್ಟ್ ಕೊಟ್ಟಿದೀನಿ. ಅವತ್ತು ನೀವೇ ಹೇಳಿದ್ರಲ್ಲ, ಅದೇ ಸರಿ. ಮಿಕ್ಕೋರೆಲ್ಲ, ನಿಮಗೇನಾಗಿದೆ ಸಾರ್, ಗಟ್ಟಿಮುಟ್ಟಾಗಿದೀರಾ ಅಂತ ಬೆಣ್ಣೆ ಹಚ್ತಾರೆ. ಮುಖಕ್ಕೆ ಹೊಡ್ದಂಗೆ ನಿಜ ಹೇಳಿದ್ದು ನೀವೊಬ್ರೇ."

ಕಾಫಿ ಲೋಟ ಕೆಳಗಿಟ್ಟೆ. ಅವರು ಮಾತು ಮುಂದುವರಿಸಿದರು. ಮುನಿಯಮ್ಮ ಎಂಬಾಕೆ ಕೊಡಿಗೇಹಳ್ಳಿ ಕಡೆ ಎರಡು ಹಸು ಇಟ್ಟುಕೊಂಡಿದ್ದಾಳೆ. ನಿವೃತ್ತರಾದ ಮೇಲೂ ಆಕೆಯ ಹಸುಗಳನ್ನು ನೋಡುತ್ತಿದ್ದವರು ಇವರೇ. ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಆಕೆ ಆಟೋ ಹಿಡಿದು ಓಡಿಬಂದಳಂತೆ. ಹಸುವಿಗೆ ನೋವು ಶುರುವಾಗಿತ್ತು, ಕರು ಹೊಟ್ಟೆಯೊಳಗೆ ಅಡ್ಡ ತಿರುಗಿತ್ತು. ಒಳಗೆ ಕೈ ಹಾಕಿ ಕರುವನ್ನು ಸರಿಮಾಡಿ ಎಳೆಯಬೇಕು.

"ನಾನು ಹೋಗ್ಲಿಲ್ಲ," ಎಂದರು ಡಾಕ್ಟ್ರು. "ಆ ಕೆಲಸಕ್ಕೆ ಕೈಲಿ ಜೀವ ಇರ್ಬೇಕು. ಮಧ್ಯದಲ್ಲಿ ಕೈ ಬಿಟ್ಟುಬಿಟ್ರೆ ಹಸೂನೂ ಹೋಗುತ್ತೆ. ನನ್ ಕೈ ಹೋಗಿದೆ ಕಣಮ್ಮ, ಬೇರೆಯವರನ್ನ ಕರೆಸು ಅಂದೆ. ಇನ್ನೊಬ್ಬ ಡಾಕ್ಟ್ರು ಯಶವಂತಪುರದಿಂದ ಬರೋ ಹೊತ್ತಿಗೆ ಕರು ಹೋಗಿತ್ತು. ಹೆಣ್ಗರು. ಹಸು ಉಳೀತು ಬಿಡಿ. ತುಂಬಾ ದಿನ ಬೇಜಾರಾಗಿತ್ತು ನನಗೆ. ಆಮೇಲೆ ಅಂದ್ಕೊಂಡೆ, ನಾನು ಹೋಗಿದ್ರೂ ಆಗ್ತಿರ್ಲಿಲ್ಲ. ಆ ಒಂದು ಸಮಾಧಾನ ಇದೆ."

ಈಗ ನೀವೇ ಹೇಳಿ, ನಾನೇನು ಮಾಡಬೇಕಿತ್ತು? ಗಾಲ್ಫಿನ ಒಂದು ಸಣ್ಣ ಸುಳ್ಳು ಒಪ್ಪಿಕೊಳ್ಳಲು ಹೋದವನು ನಾನು. ಅದು ಹೋಗಿ ಯಾರದೋ ಕೊಟ್ಟಿಗೆಯಲ್ಲಿ ಒಂದು ಕರುವನ್ನು ತಿಂದು ಬಂದಿತ್ತು. ಬಾಯಿ ಮುಚ್ಚಿಕೊಂಡು ಎದ್ದು ಬಂದಿದ್ದರೆ ಅವರ ಕಣ್ಣಿನಲ್ಲಿ ನಾನು ನಿಜ ಹೇಳಿದ ಒಬ್ಬನೇ ಮನುಷ್ಯನಾಗಿ ಉಳಿಯುತ್ತಿದ್ದೆ, ಅವರ ಸಮಾಧಾನವೂ ಉಳಿಯುತ್ತಿತ್ತು. ಹೇಳಿದರೆ ಎರಡೂ ಹೋಗುತ್ತವೆ. ಅವರ ಒಳ್ಳೆಯದಕ್ಕೇ ಸುಮ್ಮನಿರೋಣ ಎಂದು ಒಂದು ಗಳಿಗೆ ನನಗೆ ನಾನೇ ಹೇಳಿಕೊಂಡೆ. ಥೂ, ಸುಮ್ಮನಿರುವುದು ನನ್ನ ಒಳ್ಳೆಯದಕ್ಕೆ ಎಂದು ನನಗೆ ಗೊತ್ತಿಲ್ಲವೇ! ಅಷ್ಟರಲ್ಲಿ ಅವರು ಎಡಗೈಯಿಂದಲೇ ಬಿಸ್ಕತ್ತಿನ ಪೊಟ್ಟಣ ಹರಿಯಲು ಹೋಗಿ, ಆಗದೆ, ಹಲ್ಲಿನಲ್ಲಿ ಕಚ್ಚಿದರು. ನನಗೆ ತಡೆಯಲಾಗಲಿಲ್ಲ.

"ಸಾರ್, ನಾನು ಅವತ್ತು ಸುಳ್ಳು ಹೇಳಿದೆ."

ಎಲ್ಲಾ ಹೇಳಿದೆ. ಟೊಳ್ಳು ತಲೆ, ರಬ್ಬರು, ಹತ್ತು ಗಜ, ಶಾಫ್ಟಿನ ನೆವ, ತಟ್ಟೆಯ ಆಸೆ. ಜೋಡಿಸಿಟ್ಟುಕೊಂಡಿದ್ದ ಒಂದು ಮಾತೂ ಜೋಡಿಸಿದಂತೆ ಬರಲಿಲ್ಲ. ತೊದಲಿದೆ. ಡಾಕ್ಟ್ರು ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಬ್ಯಾಂಡೇಜಿನ ತುದಿ ಹುಡುಕಿ, ಒಂದೊಂದೇ ಸುತ್ತು ಬಿಚ್ಚಿದರು. ಬಲಗೈಯನ್ನು ಮುಂದೆ ಚಾಚಿ, ಮುಷ್ಟಿ ಕಟ್ಟಿ, ಬಿಚ್ಚಿ, ಮಣಿಕಟ್ಟನ್ನು ತಿರುಗಿಸಿದರು. ಆಮೇಲೆ ನನ್ನನ್ನು ಕೇಳಿದರು:

"ಹಂಗಾದ್ರೆ ಅವತ್ತು ನನ್ನ ಕೈಲಿ ಆಗ್ತಿತ್ತೇನ್ರೀ?"

ಏನು ಹೇಳಲಿ? ಆಗುತ್ತಿತ್ತು ಎಂದರೆ ಕರು ಸತ್ತ ನೋವು ಅವರ ತಲೆಗೆ, ಇಲ್ಲ ಎಂದರೆ ಇನ್ನೊಂದು ಸುಳ್ಳು. "ಗೊತ್ತಿಲ್ಲ ಸಾರ್," ಎಂದೆ. ಅವರು ಎದ್ದು ಒಳಗೆ ಹೋದರು. ಹತ್ತು ನಿಮಿಷ ಕಾದೆ, ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ.  

ಮೂರು ವಾರ ಅವರಿಂದ ಸುದ್ದಿಯಿಲ್ಲ. ನಾನು ಗಾಲ್ಫಿಗೂ ಹೋಗಲಿಲ್ಲ. ಏನಾಯಿತೆಂದು ಹೆಂಡತಿ ಕೇಳಿದಾಗ ಅವಳಿಗೂ ಹೇಳಿದೆ. ಅವಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹೋದ ಶನಿವಾರ ಡಾಕ್ಟ್ರ ಫೋನು ಬಂತು. "ನಾಳೆ ಬೆಳಿಗ್ಗೆ ಏಳಕ್ಕೆ ಮುನಿಯಮ್ಮನ ಕೊಟ್ಟಿಗೆ ಹತ್ರ ಬನ್ನಿ. ಹಳೇ ಬಟ್ಟೆ ಹಾಕ್ಕೊಂಡ್ ಬನ್ನಿ," ಎಂದು ಇಟ್ಟುಬಿಟ್ಟರು. ಯಜಮಾನ್ರೇ ಎನ್ನಲಿಲ್ಲ.

ಹೋದೆ. ಎರಡು ದೊಡ್ಡ ಅಪಾರ್ಟ್‌ಮೆಂಟುಗಳ ಕಾಂಪೌಂಡಿನ ನಡುವೆ ಒಂದು ತಗಡಿನ ಮಾಡು, ಅದರ ಕೆಳಗೆ ಎರಡು ಹಸು. ಡಾಕ್ಟ್ರು ಆಗಲೇ ಬಂದು ಬಲಗೈಗೆ ಭುಜದವರೆಗಿನ ಪ್ಲಾಸ್ಟಿಕ್ ಗ್ಲೌಸು ಹಾಕಿಕೊಂಡು ಸೋಪು ಸವರುತ್ತಿದ್ದರು. ಕಪ್ಪು ಹಸು ಗಬ್ಬವಾಗಿದೆಯೋ ಇಲ್ಲವೋ ನೋಡಬೇಕಿತ್ತು. ಡಾಕ್ಟ್ರು ನನ್ನನ್ನು ಕಂಡು ನಗಲಿಲ್ಲ. "ಬಾಲ ಹಿಡ್ಕೊಳ್ಳಿ," ಎಂದರು. ಹಿಡಿದುಕೊಂಡೆ. ಅಪ್ಪ ಸತ್ತ ಮೇಲೆ ನಾನು ಹಸುವಿನ ಬಾಲ ಮುಟ್ಟಿರಲಿಲ್ಲ. ಹಸು ಮೊದಲು ನನ್ನ ಕಾಲು ತುಳಿಯಿತು, ಆಮೇಲೆ ಪ್ಯಾಂಟಿನ ಮೇಲೆ ಸಗಣಿ ಹಾಕಿತು. ಯಾರೂ ನಗಲಿಲ್ಲ.

ಡಾಕ್ಟ್ರ ಕೈ ನಿಧಾನವಾಗಿ ಮೊಣಕೈ ದಾಟಿ ಒಳಗೆ ಹೋಯಿತು. ಅವರು ಕಣ್ಣು ಮುಚ್ಚಿಕೊಂಡರು. ಹಸು ಮಿಸುಕಿತು, ಅವರ ಕೈ ಅಲುಗಲಿಲ್ಲ. ನನಗೆ ಆಗಲೇ ಅಳು ಬಂದಿತ್ತು. ಆ ಕೈಗೆ ಯಾವ ವಯಸ್ಸೂ ಆಗಿರಲಿಲ್ಲ.

"ಐದು ತಿಂಗಳು ತುಂಬಿದೆ," ಎಂದರು.

ಹಸುವಿನ ತಲೆಯ ಕಡೆ ನಿಂತು ಅದರ ಹಣೆ ಸವರುತ್ತಿದ್ದ ಮುನಿಯಮ್ಮನ ಮುಖ ಅರಳಿತು. "ನನ್ನಪ್ಪ! ಓದ್ಸಲ ಕೈ ಓಗೈತೆ ಕಣಮ್ಮ ಅಂದ್ರಲ್ಲ ಡಾಕ್ಟ್ರೇ. ಈಗ ಎಂಗೆ ವಾಸಿಯಾಯ್ತು?"

ಡಾಕ್ಟ್ರು ಕೈಯನ್ನು ಹೊರಗೆ ತೆಗೆಯಲಿಲ್ಲ. ಕತ್ತು ತಿರುಗಿಸಿ ನನ್ನನ್ನೇ ನೋಡಿದರು. "ನನಗೂ ಮೊನ್ನೆ ಮೊನ್ನೆ ಗೊತ್ತಾಯ್ತಮ್ಮ. ಇವರನ್ನ ಕೇಳು, ಇವರು ಹೇಳ್ತಾರೆ."

ಬಾಲ ನನ್ನ ಕೈಯಲ್ಲಿತ್ತು, ಬಿಟ್ಟು ಓಡುವ ಹಾಗಿರಲಿಲ್ಲ. ಐರನ್ನಿನಿಂದ ಶುರುಮಾಡಲೇ ಎಂದು ಯೋಚಿಸಿದೆ. ಆ ಹೆಂಗಸಿಗೆ ಐರನ್ ಕಟ್ಟಿಕೊಂಡು ಏನಾಗಬೇಕು?

"ಅಕ್ಕಾ," ಎಂದೆ, "ಹೋದ ಆಷಾಢದಲ್ಲಿ ನಿಮ್ಮ ಹೆಣ್ಗರು ಹೋಯ್ತಲ್ಲಕ್ಕಾ, ಅದು ನನ್ನಿಂದ."

ಮುನಿಯಮ್ಮ ಹಸುವಿನ ಹಣೆ ಸವರುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.